ಬರಗಾಲದ ಮುಂಚಿನ ದಿನಗಳು: ಕಟವಪ್ರದಿಂದ ಕಛ್‌ವರೆಗೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಪಾರ್ಶ್ವನಾಥ ಬಸದಿಯ ದಕ್ಷಿಣಕ್ಕೆ, ಬಂಡೆಯ ಮೇಲೆ ಒಂದು ಸಂಸ್ಕೃತ ಶಾಸನವಿದೆ. ಬೆಟ್ಟದ ಅತ್ಯಂತ ಹಳೆಯ ಬರಹಗಳಲ್ಲೊಂದಾದ ಇದನ್ನು ಸುಮಾರು ಕ್ರಿ.ಶ. 600ರ ಕಾಲದ್ದೆಂದು ವಿದ್ವಾಂಸರು ಎಣಿಸುತ್ತಾರೆ. ಅಷ್ಟಾಂಗ ನಿಮಿತ್ತವನ್ನು ಬಲ್ಲ ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿದ್ದಾಗ ಹನ್ನೆರಡು ವರ್ಷಗಳ ಕಾಲವೈಷಮ್ಯವನ್ನು ಮುಂಗಂಡು ತಿಳಿಸಿದರೆಂದೂ, ಸಂಘವೆಲ್ಲವೂ ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟಿತೆಂದೂ, ಜನ, ಧನ, ಧಾನ್ಯ, ಗೋಮಹಿಷಗಳಿಂದ ತುಂಬಿದ ನೂರಾರು ಹಳ್ಳಿಗಳ ನಾಡನ್ನು ಸೇರಿತೆಂದೂ ಆ ಶಾಸನ ಹೇಳುತ್ತದೆ. ಪ್ರಭಾಚಂದ್ರ ಎಂಬ ಆಚಾರ್ಯರು ಕಟವಪ್ರದಲ್ಲಿ ಸಮಾಧಿಮರಣವನ್ನು ಹೊಂದಿದರೆಂಬುದು ಅದರ ಮುಖ್ಯ ವಿಷಯ. ಈ ಪ್ರಭಾಚಂದ್ರರೇ ಚಂದ್ರಗುಪ್ತ ಮೌರ್ಯನೇ ಎಂಬ ಚರ್ಚೆ ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದು ನನ್ನ ಉದ್ದೇಶವಲ್ಲ.

ನನ್ನ ಗಮನ ಬೇರೊಂದು ಸಂಗತಿಯ ಮೇಲಿದೆ. ಈ ಶಾಸನದಲ್ಲಿ ಒಂದು ವಿಪತ್ತು ಬರುವ ಮೊದಲೇ ತಿಳಿಯುತ್ತದೆ. ತಿಳಿದದ್ದನ್ನು ಸಂಘಕ್ಕೆ ಹೇಳಲಾಗುತ್ತದೆ. ಸಂಘವು ಒಟ್ಟಾಗಿ ನಿರ್ಧರಿಸಿ ನಡೆಯುತ್ತದೆ. ಕೊನೆಗೆ ಅದನ್ನು ಬರಮಾಡಿಕೊಳ್ಳಬಲ್ಲ ಒಂದು ಸಮೃದ್ಧ ನಾಡು ಅದಕ್ಕೆ ಸಿಗುತ್ತದೆ. ಮುನ್ಸೂಚನೆ, ನಿರ್ಧಾರ, ಚಲನೆ, ಆಶ್ರಯ ಎಂಬ ಈ ನಾಲ್ಕನ್ನೂ ಇಂದಿನ ವಿಪತ್ತು ನಿರ್ವಹಣೆಯ ಗ್ರಂಥಗಳು ಬೇರೆ ಪರಿಭಾಷೆಯಲ್ಲಿ ಹೇಳುತ್ತವೆ. ಆದರೆ ಶಾಸನ ಹೇಳದೆ ಬಿಟ್ಟ ಎರಡು ಪ್ರಶ್ನೆಗಳಿವೆ. ದಕ್ಷಿಣದಲ್ಲಿ ಆ ಸಂಘಕ್ಕೆ ಅನ್ನವಿಟ್ಟವರು ಯಾರು? ಉತ್ತರದಲ್ಲಿ ಹೊರಡಲಾರದೆ ಉಳಿದವರಿಗೆ ಏನಾಯಿತು? ನಿಸ್ಪರಿಗ್ರಹಿಗಳಾದ ಮುನಿಗಳು ನಡೆದು ಹೋಗಬಲ್ಲರು. ಹೊಲವನ್ನೂ ಹಟ್ಟಿಯನ್ನೂ ಮುದಿ ತಾಯಿತಂದೆಯರನ್ನೂ ಬಿಟ್ಟು ಒಕ್ಕಲಿಗನು ಎಲ್ಲಿಗೆ ಹೋಗಬೇಕು?

ಎರಡನೆಯ ಪ್ರಶ್ನೆಗೆ ಕಥಾಸಾಹಿತ್ಯ ಉತ್ತರ ಕೊಡುತ್ತದೆ. ಕನ್ನಡದ ‘ವಡ್ಡಾರಾಧನೆ’ಯಲ್ಲಿ ಭದ್ರಬಾಹು ಭಟ್ಟಾರರ ಕಥೆಯಿದೆ, ಕ್ರಿ.ಶ. 931ರಲ್ಲಿ ಹರಿಷೇಣನು ರಚಿಸಿದ ‘ಬೃಹತ್ಕಥಾಕೋಶ’ದಲ್ಲಿದೆ, ಬಹಳ ತಡವಾಗಿ ಬಂದ ರತ್ನನಂದಿಯ ‘ಭದ್ರಬಾಹುಚರಿತ’ದಲ್ಲಿಯೂ ಇದೆ. ವಿವರಗಳಲ್ಲಿ ಭಿನ್ನತೆಯಿದ್ದರೂ ಉತ್ತರದಲ್ಲಿ ಉಳಿದವರ ದುಃಸ್ಥಿತಿಯ ಚಿತ್ರ ಈ ಪರಂಪರೆಯಲ್ಲಿ ಮರಳಿ ಮರಳಿ ಬರುತ್ತದೆ. ಹಸಿದವರು ಮನೆಗಳಿಗೆ ಮುತ್ತಿಗೆ ಹಾಕುತ್ತಾರೆ. ಶ್ರಾವಕರು ಹಗಲು ಅಡುಗೆ ಮಾಡಲು ಅಂಜಿ ರಾತ್ರಿಯಲ್ಲಿ ಮಾಡುತ್ತಾರೆ. ಭಿಕ್ಷೆಗೂ ರಾತ್ರಿಯಲ್ಲೇ ಪಾತ್ರೆ ಹಿಡಿದು ಬನ್ನಿರೆಂದು ಮುನಿಗಳನ್ನು ಬೇಡುತ್ತಾರೆ. ಕತ್ತಲಲ್ಲಿ ಬಂದ ಮುನಿಯ ಆಕಾರವನ್ನು ಕಂಡು ಗರ್ಭಿಣಿಯೊಬ್ಬಳು ಬೆದರಿ ಗರ್ಭಪಾತವಾಗುತ್ತದೆ; ಅಂದಿನಿಂದ ಅರ್ಧವಸ್ತ್ರದ ಆಚಾರ ತೊಡಗುತ್ತದೆ. ರತ್ನನಂದಿಯ ಕಥನದಲ್ಲಿ ಉಜ್ಜಯಿನಿಯ ಧನಿಕ ವಣಿಜರು, ತಮ್ಮಲ್ಲಿ ಬೇಕಾದಷ್ಟು ಧಾನ್ಯವಿದೆಯೆಂದು ಹೇಳಿ ಸಂಘವನ್ನು ಉಳಿಸಿಕೊಳ್ಳಲು ಮೊದಲೇ ಮಾತುಕೊಟ್ಟಿರುತ್ತಾರೆ. ಮುಂದೆ ಬರ ತೀವ್ರವಾದಾಗ, ಆಹಾರ ಮುಗಿಸಿ ಹಿಂದಿರುಗುತ್ತಿದ್ದ ಮುನಿಯೊಬ್ಬರ ಹೊಟ್ಟೆಯನ್ನೇ ಹಸಿದ ಜನ ಸೀಳುತ್ತಾರೆ.

ಈ ಕಥೆಗಳನ್ನು ನಾವು ಸಾಮಾನ್ಯವಾಗಿ ಸಂಘಭೇದದ ಕಥೆಗಳಾಗಿ ಓದುತ್ತೇವೆ. ದಿಗಂಬರ ಕಥೆಗಾರರ ಉದ್ದೇಶವೂ ಅದೇ ಆಗಿತ್ತು. ಶ್ವೇತಾಂಬರ ಪರಂಪರೆ ಇದೇ ಬರಗಾಲವನ್ನು ಬೇರೆ ರೀತಿಯಲ್ಲಿ ನೆನೆಯುತ್ತದೆ. ಪಂಥದ ವಾದವನ್ನು ಬದಿಗಿಟ್ಟು ನೋಡಿದರೆ, ಈ ಕಥೆಗಳಲ್ಲಿ ಒಂದು ಕಟುವಾದ ಸಾಮಾಜಿಕ ಅರಿವಿದೆ. ಧಾನ್ಯವಿರಲಿಲ್ಲವೆಂದು ಉಜ್ಜಯಿನಿ ಹಾಳಾಗಲಿಲ್ಲ. ಧಾನ್ಯ ಕೆಲವರ ಮನೆಯ ಬಾಗಿಲ ಹಿಂದೆ ಇತ್ತು. ವಣಿಜರು ಮುನಿಗಳಿಗೆ ಮಾತು ಕೊಟ್ಟಿದ್ದರೇ ಹೊರತು ಬೀದಿಯವರಿಗೆ ಕೊಟ್ಟಿರಲಿಲ್ಲ. ಬೀದಿಯ ಹಸಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ದಾನವು ಪಾತ್ರನಾದ ಮುನಿಯನ್ನೂ ಉಳಿಸಲಾರದೆ ಹೋಯಿತು.

ಹಾಗಾದರೆ ಬೀದಿಯವರನ್ನೂ ಒಳಗೊಂಡ ಸಿದ್ಧತೆ ನಮ್ಮ ಇತಿಹಾಸದಲ್ಲಿ ಇತ್ತೇ? ಇದ್ದರೆ ಅದರ ಹೊಣೆ ಯಾರದಾಗಿತ್ತು?

ಮೌರ್ಯರ ಕಾಲದವೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಎರಡು ಪುಟ್ಟ ಬರಹಗಳು ಇಲ್ಲಿ ನೆನಪಾಗುತ್ತವೆ. ಗೋರಖಪುರ ಜಿಲ್ಲೆಯ ಸೋಹಗೌರಾದ ಲೋಹಫಲಕವು ಶ್ರಾವಸ್ತಿಯ ಮಹಾಮಾತ್ರರ ಆಜ್ಞೆಯನ್ನು ಹೊತ್ತಿದೆ. ಎರಡು ಕಣಜಗಳ ವಿಷಯ ಅದರಲ್ಲಿದ್ದು, ಅವುಗಳಲ್ಲಿನ ದಾಸ್ತಾನು ಆಪತ್ಕಾಲಕ್ಕೆ ಮೀಸಲೆಂಬುದು ಬಹುಮಟ್ಟಿಗೆ ಸ್ವೀಕೃತವಾದ ಓದು. ಫಲಕದ ಮೇಲ್ಭಾಗದಲ್ಲಿ ಕಣಜಗಳ ಚಿತ್ರವೇ ಇದೆ. ಓದು ಬಾರದವನೂ ಅದನ್ನು ನೋಡಿ ತಿಳಿಯಬಹುದಾಗಿತ್ತು. ಇಂದಿನ ಬಾಂಗ್ಲಾದೇಶದ ಮಹಾಸ್ಥಾನದಲ್ಲಿ 1931ರಲ್ಲಿ ದೊರೆತ ಬ್ರಾಹ್ಮೀ ಶಾಸನವು ಪುಂಡ್ರನಗರದ ಅಧಿಕಾರಿಗೆ ಕೊಟ್ಟ ಆಜ್ಞೆ: ಸಂಕಟದಲ್ಲಿರುವ ಜನರಿಗೆ ಧಾನ್ಯವನ್ನೂ ನಾಣ್ಯವನ್ನೂ ಕೊಡುವುದು, ಸುಭಿಕ್ಷವಾದ ಮೇಲೆ ಕಣಜವನ್ನೂ ಕೋಶವನ್ನೂ ಮತ್ತೆ ತುಂಬುವುದು. ಈ ಎರಡನೆಯ ಅಂಶ ಗಮನಾರ್ಹ. ಮುಂದಿನ ಬರಕ್ಕೆ ಕಣಜ ತುಂಬಿರಬೇಕೆಂಬ ಕಾಳಜಿ ಈ ಬರದ ಪರಿಹಾರದೊಳಗೇ ಸೇರಿಕೊಂಡಿದೆ. ಆಜ್ಞೆ ದೂರದಿಂದ ಬಂದಿರಬಹುದು. ಧಾನ್ಯ ಮಾತ್ರ ಊರಿನಲ್ಲೇ ಇತ್ತು.

ಇದೇ ಮೌರ್ಯ ಪರಂಪರೆಯ ಇನ್ನೊಂದು ಕೃತಿ ಗಿರ್ನಾರದ ಬುಡದ ಸುದರ್ಶನ ಕೆರೆ. ಅಶೋಕನ ಧರ್ಮಶಾಸನಗಳಿರುವ ಬಂಡೆಯ ಮೇಲೆಯೇ ಕ್ಷತ್ರಪ ರುದ್ರದಾಮನು ಕ್ರಿ.ಶ. 150ರಲ್ಲಿ ಬರೆಯಿಸಿದ ಶಾಸನವು ಈ ಕೆರೆಯ ಚರಿತ್ರೆಯನ್ನು ಹೇಳುತ್ತದೆ. ಚಂದ್ರಗುಪ್ತನ ಪ್ರಾಂತಾಧಿಕಾರಿ ಪುಷ್ಯಗುಪ್ತನು ಅದನ್ನು ಕಟ್ಟಿಸಿದನು. ಅಶೋಕನ ಕಾಲದಲ್ಲಿ ತುಷಾಸ್ಫನು ಕಾಲುವೆಗಳನ್ನು ಮಾಡಿಸಿದನು. ಮುಂದೆ ಒಂದು ಭೀಕರ ಬಿರುಮಳೆಯಲ್ಲಿ ಸುವರ್ಣಸಿಕತಾ, ಪಲಾಶಿನೀ ಮೊದಲಾದ ನದಿಗಳು ಉಕ್ಕಿ ಏರಿ ಒಡೆಯಿತು. ಒಡಕಿನ ಉದ್ದ 420 ಮೊಳ, ಆಳ 75 ಮೊಳ. ರಾಜನ ಮಂತ್ರಿಗಳು ಒಡಕಿನ ಅಗಾಧತೆಯನ್ನು ಕಂಡು ದುರಸ್ತಿಯ ಯತ್ನಕ್ಕೆ ಒಪ್ಪಲಿಲ್ಲ. ಏರಿ ಮತ್ತೆ ಏಳುವುದಿಲ್ಲವೆಂದು ಪ್ರಜೆಗಳು ಹಾಹಾಕಾರ ಮಾಡಿದರು. ಆಗ ಆನರ್ತ ಸುರಾಷ್ಟ್ರಗಳನ್ನು ಆಳಲು ನಿಯುಕ್ತನಾಗಿದ್ದ ಪಹ್ಲವ ಸುವಿಶಾಖನು ಕೆಲಸವನ್ನು ಪೂರೈಸಿದನು. ಇದಕ್ಕಾಗಿ ಪುರಜನ ಜಾನಪದರ ಮೇಲೆ ಕರವನ್ನಾಗಲಿ ಬಿಟ್ಟಿಯನ್ನಾಗಲಿ ಹೇರದೆ ಸ್ವಂತ ಕೋಶದಿಂದ ವೆಚ್ಚ ಮಾಡಿದೆನೆಂದು ರುದ್ರದಾಮನು ಹೆಮ್ಮೆಪಡುತ್ತಾನೆ. ಹಾಗೆ ಹೆಮ್ಮೆಪಡಬೇಕಾಗಿ ಬಂದದ್ದರಿಂದಲೇ, ಅಂಥ ಸಂದರ್ಭಗಳಲ್ಲಿ ಬಿಟ್ಟಿದುಡಿಮೆ ವಾಡಿಕೆಯಾಗಿತ್ತೆಂದು ನಾವು ಊಹಿಸಬಹುದು.

ಮೂರು ಶತಮಾನಗಳ ಬಳಿಕ, ಸ್ಕಂದಗುಪ್ತನ ಕಾಲದಲ್ಲಿ, ಅದೇ ಏರಿ ಮತ್ತೆ ಒಡೆಯಿತು. ಗಿರಿನಗರದ ಆಡಳಿತ ನೋಡುತ್ತಿದ್ದ ಚಕ್ರಪಾಲಿತನು ಅದನ್ನು ಕಟ್ಟಿಸಿದ ಸಂಗತಿಯೂ ಅದೇ ಬಂಡೆಯಲ್ಲಿದೆ. ರಾಜವಂಶಗಳು ಬದಲಾದವು, ಕೆರೆ ಉಳಿದುದು ಅಲ್ಲಿಯೇ ಇದ್ದು ಒಡಕನ್ನು ಕಣ್ಣಾರೆ ಕಂಡ ಅಧಿಕಾರಿಗಳಿಂದ. ಆದರೂ ಈ ವ್ಯವಸ್ಥೆಗೆ ಒಂದು ಮಿತಿಯಿತ್ತು. ಒಡೆದ ಮೇಲೆ ಸರಿಮಾಡಿದ ವಿವರ ಶಾಸನಗಳಲ್ಲಿದೆ. ಒಡೆಯದಂತೆ ವರ್ಷವರ್ಷವೂ ನೋಡಿಕೊಂಡವರ ವಿವರವಿಲ್ಲ. ಒಳ್ಳೆಯ ಅಧಿಕಾರಿ ಇದ್ದರೆ ಕೆರೆ, ಇಲ್ಲದಿದ್ದರೆ ಹಾಹಾಕಾರ.

ರಾಜನಲ್ಲದವನು ಈ ಹೊಣೆಯನ್ನು ಹೊತ್ತ ಅತ್ಯಂತ ಪ್ರಸಿದ್ಧ ದೃಷ್ಟಾಂತ ಕಛ್‌ನ ಭದ್ರೇಶ್ವರದ ಜಗಡೂ ಶ್ರೇಷ್ಠಿಯದು. ಸರ್ವಾನಂದಸೂರಿಯ ‘ಜಗಡೂಚರಿತ’ ಎಂಬ ಸಂಸ್ಕೃತ ಕಾವ್ಯ ಅವನ ಕಥೆಯನ್ನು ಹೇಳುತ್ತದೆ. ಮೂರು ವರ್ಷಗಳ ಬರ ಬರಲಿದೆಯೆಂದು ಪರಮದೇವಸೂರಿಗಳು ಅವನಿಗೆ ಮೊದಲೇ ತಿಳಿಸಿದರು. ಅವನು ಊರೂರುಗಳಲ್ಲಿ ಧಾನ್ಯ ಕೊಂಡು ಕಣಜ ತುಂಬಿಸಿದನು. ವಿಕ್ರಮ ಸಂವತ್ 1313ರಿಂದ 1315ರವರೆಗೆ, ಎಂದರೆ ಕ್ರಿ.ಶ. 1256ರ ಸುಮಾರಿನಲ್ಲಿ, ಗುಜರಾತವು ಬರಕ್ಕೆ ಸಿಕ್ಕಿತು. ಅಣಹಿಲವಾಡದ ವಾಘೇಲ ದೊರೆ ವೀಸಲದೇವನ ಕಣಜಗಳು ಬರಿದಾದವು. ಅವನು ಜಗಡೂವನ್ನು ಕರೆಯಿಸಿ ಧಾನ್ಯ ಕೇಳಿದಾಗ, ತನ್ನದೆಂಬ ಧಾನ್ಯವೇ ತನ್ನಲ್ಲಿಲ್ಲವೆಂದು ಶ್ರೇಷ್ಠಿ ಹೇಳಿದನಂತೆ. ಕಣಜ ತೆರೆಸಿ ನೋಡಿದರೆ, ಅದರೊಳಗಿನದು ಬಡವರಿಗಾಗಿ ಇಟ್ಟದ್ದೆಂದು ಬರೆದ ತಾಮ್ರಪಟ ಸಿಕ್ಕಿತು. ಆ ಬಳಿಕ ಅವನು ವೀಸಲದೇವನಿಗೂ ಸಿಂಧ, ಮಾಳವ, ಕಾಶಿ ಮುಂತಾದ ಕಡೆಯ ಅರಸರಿಗೂ ಧಾನ್ಯ ಕೊಟ್ಟನು. 112 ದಾನಶಾಲೆಗಳನ್ನು ನಡೆಸಿದನು. ಕೈಯೊಡ್ಡಲು ನಾಚುವ ಮಾನವಂತರಿಗಾಗಿ ಸಿಹಿಯುಂಡೆಗಳೊಳಗೆ ನಾಣ್ಯವಿಟ್ಟು ರಾತ್ರಿಯಲ್ಲಿ ಕೊಡುತ್ತಿದ್ದನೆಂದೂ, ಅವುಗಳಿಗೆ ‘ಲಜ್ಜಾಪಿಂಡ’ವೆಂಬ ಹೆಸರಿತ್ತೆಂದೂ ಕವಿ ಹೇಳುತ್ತಾನೆ.

ಚರಿತಕಾವ್ಯದಲ್ಲಿ ಉತ್ಪ್ರೇಕ್ಷೆ ಸಹಜ. ಧಾನ್ಯದ ಅಳತೆಗಳನ್ನು ನಾವು ಅಕ್ಷರಶಃ ನಂಬಬೇಕಿಲ್ಲ. ಆದರೆ ಕವಿ ಯಾವುದನ್ನು ಹೊಗಳಿಕೆಗೆ ಯೋಗ್ಯವೆಂದು ಭಾವಿಸಿದನೆಂಬುದು ಚರಿತ್ರೆಯೇ. ಉಜ್ಜಯಿನಿಯ ವಣಿಜರಿಗೂ ಜಗಡೂವಿಗೂ ಇರುವ ವ್ಯತ್ಯಾಸ ಆ ತಾಮ್ರಪಟದಲ್ಲಿದೆ. ಕಣಜ ತುಂಬುವಾಗಲೇ ಅದು ಯಾರದೆಂದು ಬರೆದಿಡಲಾಗಿತ್ತು. ಬರ ಬಂದ ಮೇಲೆ ಯಾರಿಗೆ ಕೊಡಬೇಕೆಂಬ ಜಿಜ್ಞಾಸೆಗೆ ಅಲ್ಲಿ ಎಡೆಯಿರಲಿಲ್ಲ. ಮುನ್ಸೂಚನೆ ಕೊಟ್ಟ ಆಚಾರ್ಯ, ಸಂಗ್ರಹಿಸಿದ ವಣಿಜ, ಹಂಚಲು ಅವನನ್ನು ಆಶ್ರಯಿಸಿದ ಅರಸ, ಈ ಮೂವರ ಕೂಟವೇ ಆ ಬರವನ್ನು ಎದುರಿಸಿತು. ಲಜ್ಜಾಪಿಂಡದ ಮಾತನ್ನೂ ಹಗುರವಾಗಿ ಕಾಣಬಾರದು. ಅನ್ನದೊಡನೆ ಮಾನವನ್ನೂ ಉಳಿಸಬೇಕೆಂಬ ಸೂಕ್ಷ್ಮ ಅದರಲ್ಲಿದೆ. ಕೊರತೆಯೊಂದೇ: ಜಗಡೂವಿನ ತರುವಾಯ ಜಗಡೂ ಇರಲಿಲ್ಲ.

ಕನ್ನಡ ನಾಡಿನ ಶಾಸನಗಳು ಈ ಕೊರತೆಗೆ ಬೇರೆ ರೀತಿಯ ಉತ್ತರ ಕೊಡುತ್ತವೆ. ಇಲ್ಲಿಯೂ ದಾನಿಗಳಿದ್ದಾರೆ, ಆದರೆ ದಾನವು ವ್ಯಕ್ತಿಯೊಡನೆ ಮುಗಿಯದಂತೆ ಕಟ್ಟಿದ ಏರ್ಪಾಡೂ ಇದೆ. ಕೆರೆಯ ನಿರ್ವಹಣೆಗೆಂದು ಅದರ ಕೆಳಗಿನ ನೆಲದಲ್ಲಿ ಬಿಟ್ಟ ‘ಬಿತ್ತುವಟ್ಟ’, ಹೂಳೆತ್ತುವ ಬಂಡಿ, ಎತ್ತು, ಆಳುಗಳ ವೆಚ್ಚಕ್ಕೆಂದು ಬಿಟ್ಟ ದತ್ತಿ, ಕೆರೆ ಕಟ್ಟಿದವನಿಗೆ ಕೊಟ್ಟ ‘ಕಟ್ಟುಕೊಡಗೆ’, ಇವು ಗಂಗರಿಂದ ಮೊದಲುಗೊಂಡು ವಿಜಯನಗರದವರೆಗೆ ಮರಳಿ ಮರಳಿ ಬರುವ ಮಾತುಗಳು. ಊರ ಮಹಾಜನರು, ಗಾವುಂಡರು, ನಖರದ ವ್ಯಾಪಾರಿಗಳು ಸಾಕ್ಷಿಯಾಗಿ ನಿಂತು ಈ ದತ್ತಿಗಳನ್ನು ಕಾಯುವ ಹೊಣೆ ಹೊರುತ್ತಾರೆ. ಕೆಡಿಸಿದವನಿಗೆ ಶಾಪಾಶಯದ ಮಾತು ಕೊನೆಯಲ್ಲಿರುತ್ತದೆ. ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಹಾಕಿಸಿದ ಶಾಸನವಂತೂ ಕೆರೆಶಾಸ್ತ್ರದ ಪಠ್ಯದಂತಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ತಟ್ಟುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ದಾಖಲಿಸುತ್ತದೆ. ಅಂಗಗಳ ಪಟ್ಟಿಯಲ್ಲಿ ಧರ್ಮಿಷ್ಠನಾದ ರಾಜನೂ ಜಲಶಾಸ್ತ್ರ ಬಲ್ಲ ಬ್ರಾಹ್ಮಣನೂ ಗಟ್ಟಿ ನೆಲವೂ ನುರಿತ ಕೆಲಸಗಾರರೂ ಒಟ್ಟಿಗೆ ಬರುತ್ತಾರೆ.

ಇದನ್ನು ಸುವರ್ಣಯುಗವೆಂದು ಕೊಂಡಾಡುವ ಮೊದಲು ಒಂದು ಎಚ್ಚರ ಬೇಕು. ಮಣ್ಣು ಹೊತ್ತ ಒಡ್ಡರ ಹೆಸರು, ಸರದಿಯಂತೆ ತೂಬು ತೆರೆದು ಹೊಲಹೊಲಕ್ಕೆ ನೀರು ಹಂಚಿದ ನೀರಗಂಟಿಯ ಹೆಸರು ಶಾಸನಗಳಲ್ಲಿ ವಿರಳ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಶಾಸನಗಳು ಹೇಳದ ಇನ್ನೊಂದು ಸತ್ಯವನ್ನು ಹೇಳುತ್ತದೆ. ಕೆರೆಗೆ ನೀರು ಬರಲೆಂದು ಊರಗೌಡನ ಮನೆಯ ಹಿರಿಯರು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೆ ಆರಿಸುತ್ತಾರೆ. ಊರಿನ ಒಳಿತಿಗಾಗಿ ಬೆಲೆ ತೆರಬೇಕಾದಾಗ ಬೆಲೆ ಯಾರ ತಲೆಯ ಮೇಲೆ ಬೀಳುತ್ತದೆಂಬ ಪ್ರಶ್ನೆಯನ್ನು ಯಾವ ಊರೊಪ್ಪಂದವೂ ತಪ್ಪಿಸಿಕೊಳ್ಳಲಾಗದು. ಸ್ಥಳೀಯವೆಂಬ ಒಂದೇ ಕಾರಣಕ್ಕೆ ಯಾವುದೂ ನ್ಯಾಯವಾಗುವುದಿಲ್ಲ.

ಕೊರತೆಗಳಿದ್ದರೂ ಆ ವ್ಯವಸ್ಥೆ ಸಡಿಲವಾದಾಗ ಏನಾಯಿತೆಂಬುದಕ್ಕೆ ಮೈಸೂರು ಸೀಮೆಯೇ ಸಾಕ್ಷಿ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಬಂದ ಬರವನ್ನು ಹಳೆಯ ತಲೆಮಾರಿನವರು ಆ ಸಂವತ್ಸರಗಳ ಹೆಸರಿನಿಂದಲೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರಲ್ಲಿ 41,86,188ಕ್ಕೆ ಇಳಿದಿತ್ತು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಳೆ ಹೋದದ್ದು ನಿಜ. ಆದರೆ ಮಳೆ ಅದಕ್ಕೂ ಮೊದಲು ಎಷ್ಟೋ ಸಲ ಹೋಗಿತ್ತು. ಕಂದಾಯದ ಹೊಸ ವ್ಯವಸ್ಥೆಯಲ್ಲಿ ಕೆರೆಗಳ ಮೇಲಿನ ಊರಿನ ಹಿಡಿತ ಸಡಿಲವಾಗಿತ್ತು. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬ ನೀತಿ ಅಂದಿನ ಆಳರಸರಿಗೆ ಸಿದ್ಧಾಂತವೇ ಆಗಿತ್ತು. ನೆರೆಯ ಮದರಾಸು ಪ್ರಾಂತದಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆಗೆ ಇಳಿಸಿದ್ದು ಆ ಕಾಲದ ವೈದ್ಯಾಧಿಕಾರಿಗಳಿಂದಲೇ ಖಂಡನೆಗೆ ಒಳಗಾಯಿತು. ಹಸಿದವನಿಗೆ ಎಷ್ಟು ಸಾಕೆಂಬುದನ್ನು ಹಸಿವನ್ನು ಕಾಣದ ದೂರದಲ್ಲಿ ನಿರ್ಧರಿಸಿದ ಫಲವದು. ಈ ಮಹಾಮರಣದ ತರುವಾಯ ನೇಮಕವಾದ ಆಯೋಗ 1880ರಲ್ಲಿ ವರದಿ ಕೊಟ್ಟಿತು; ಅದರಿಂದ ಕ್ಷಾಮಸಂಹಿತೆಗಳು ಹುಟ್ಟಿದವು. ಬರದ ಲಕ್ಷಣಗಳನ್ನು ಮೊದಲೇ ಗುರುತಿಸುವ, ಕಾಮಗಾರಿಗಳ ಪಟ್ಟಿಯನ್ನು ಮೊದಲೇ ಸಿದ್ಧವಾಗಿಡುವ ಕ್ರಮ ಆಡಳಿತಕ್ಕೆ ಬಂದದ್ದು ಆಗ. ಸೋಹಗೌರಾದ ಫಲಕದಲ್ಲಿದ್ದ ವಿವೇಕವನ್ನು ಲಕ್ಷಾಂತರ ಜೀವಗಳ ಬೆಲೆಗೆ ಮತ್ತೆ ಕಲಿಯಬೇಕಾಯಿತು.

ಈಗ ಜಗಡೂವಿನ ನಾಡಿಗೆ ಮರಳೋಣ. 1998ರ ಜೂನ್ ತಿಂಗಳಲ್ಲಿ ಚಂಡಮಾರುತವೊಂದು ಕಾಂಡ್ಲಾ ಬಂದರಿಗೆ ಬಡಿದು ಉಪ್ಪಿನಗದ್ದೆಗಳ ಕೂಲಿಕಾರರು ಬಹುಸಂಖ್ಯೆಯಲ್ಲಿ ಸತ್ತರು. ಆ ಹೊತ್ತಿನಲ್ಲಿ ಕಛ್‌ನಲ್ಲಿ ಮೊದಲಿಂದಲೇ ಕೆಲಸಮಾಡುತ್ತಿದ್ದ ಸ್ಥಳೀಯ ಸಂಸ್ಥೆಗಳು ಒಂದಾಗಿ ‘ಕಛ್ ನವನಿರ್ಮಾಣ ಅಭಿಯಾನ’ವೆಂಬ ಒಕ್ಕೂಟ ಕಟ್ಟಿಕೊಂಡವು. 2001ರ ಜನವರಿ 26ರ ಬೆಳಗ್ಗೆ ಭೂಮಿ ನಡುಗಿತು. ಭುಜ್, ಭಚಾವು, ಅಂಜಾರ, ರಾಪರಗಳು ನೆಲಸಮವಾದವು. ಸರ್ಕಾರದ ಲೆಕ್ಕದಂತೆ ಸತ್ತವರು ಹದಿಮೂರು ಸಾವಿರಕ್ಕೂ ಮಿಕ್ಕರು. ಭದ್ರೇಶ್ವರದ ಪ್ರಾಚೀನ ಜಿನಾಲಯವೂ ಕುಸಿಯಿತು. ದೇಶದೆಲ್ಲೆಡೆಯಿಂದ, ಹೊರದೇಶಗಳಿಂದ ನೆರವು ಹರಿದುಬಂತು. ಆಗ ಯಾವ ಹಳ್ಳಿಗೆ ಏನು ತಲುಪಿದೆ, ಏನು ತಲುಪಿಲ್ಲ ಎಂಬುದನ್ನು ಹೇಳಬಲ್ಲವರು ಬೇಕಾಗಿದ್ದರು. ಚಂಡಮಾರುತದ ಕಾಲದಲ್ಲಿ ಕಟ್ಟಿಕೊಂಡ ಒಕ್ಕೂಟವು ಹಲವು ಹಳ್ಳಿಗಳಿಗೊಂದರಂತೆ ‘ಸೇತು ಕೇಂದ್ರ’ಗಳನ್ನು ತೆರೆಯಿತು. ಅವು ಹಳ್ಳಿಯ ಅಗತ್ಯವನ್ನು ಸರ್ಕಾರಕ್ಕೂ ದಾನಿಗಳಿಗೂ, ಸರ್ಕಾರದ ನಿಯಮಗಳನ್ನು ಹಳ್ಳಿಗೂ ಮುಟ್ಟಿಸುತ್ತಿದ್ದವು. ಮನೆ ಕಟ್ಟುವ ಕೆಲಸದಲ್ಲಿ ಸರ್ಕಾರ ಹಣವನ್ನು ಕಂತುಗಳಲ್ಲಿ ಕೊಟ್ಟು, ಮನೆಯೊಡೆಯರೇ ಭೂಕಂಪ ತಾಳುವ ವಿಧಾನದಲ್ಲಿ ತಮ್ಮ ಮನೆ ಕಟ್ಟಿಕೊಳ್ಳುವ ದಾರಿಯನ್ನು ಬಹುಮಟ್ಟಿಗೆ ಹಿಡಿಯಿತು. ಗುಜರಾತವು 2003ರಲ್ಲಿ ವಿಪತ್ತು ನಿರ್ವಹಣೆಯ ಕಾಯಿದೆ ಮಾಡಿತು; 2005ರಲ್ಲಿ ಇಡೀ ದೇಶಕ್ಕೆ ಅಂಥ ಕಾಯಿದೆ ಬಂತು.

ಇಲ್ಲಿ ನಿರ್ಣಾಯಕವಾದದ್ದು 1998ಕ್ಕೂ 2001ಕ್ಕೂ ನಡುವಿನ ಎರಡೂವರೆ ವರ್ಷ. ಪರಿಚಯ, ನಂಬಿಕೆ, ಕೆಲಸದ ಹಂಚಿಕೆಗಳನ್ನು ಭೂಕಂಪದ ಮಾರನೆಯ ದಿನ ಕಟ್ಟಲಾಗುವುದಿಲ್ಲ. ಅವು ಮೊದಲೇ ಇರಬೇಕು. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ಸಂಸ್ಥೆಗಳೂ ಮಾಡಿಕೊಂಡ ಒಡಂಬಡಿಕೆ, 2020ರೊಳಗೆ ನೆರವಿನ ಹಣದ ಕಾಲುಭಾಗವಾದರೂ ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಮತ್ತು ದೇಶೀಯ ಸಂಸ್ಥೆಗಳಿಗೆ ಸೇರಬೇಕೆಂದು ಗುರಿಯಿಟ್ಟಿತು. ಆ ಗುರಿ ಅವಧಿಯೊಳಗೆ ಕೈಗೂಡಲಿಲ್ಲ. ಕಣಜದ ಬೀಗದ ಕೈ ಊರಿನಲ್ಲಿರಬೇಕೆಂಬ ತತ್ತ್ವವನ್ನು ಒಪ್ಪುವುದು ಸುಲಭ, ಕೈಯನ್ನು ಒಪ್ಪಿಸುವುದು ಕಷ್ಟ.

ನಮ್ಮ ಆಚಾರ್ಯರು ದಾನವನ್ನು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾಲ್ಕಾಗಿ ವಿಂಗಡಿಸಿದರು. ಇಂದಿನ ಯಾವ ಪರಿಹಾರ ಶಿಬಿರವನ್ನು ನೋಡಿದರೂ ಮೊದಲ ಮೂರು ಕಾಣುತ್ತವೆ: ಅನ್ನ, ರಕ್ಷಣೆ, ಔಷಧಿ. ನಾಲ್ಕನೆಯದನ್ನು ಮಾತ್ರ ನಾವು ವಿಪತ್ತಿನೊಡನೆ ಜೋಡಿಸಿ ನೋಡುವುದಿಲ್ಲ. ಜೈನ ಪರಂಪರೆಗಾದರೋ ಬರಗಾಲದ ದೊಡ್ಡ ನಷ್ಟ ಶ್ರುತದ ನಷ್ಟವೇ ಆಗಿತ್ತು. ನೆನಪಿನಲ್ಲಿ ಆಗಮವನ್ನು ಹೊತ್ತ ಮುನಿಗಳು ಸತ್ತರೆ ಆಗಮವೂ ಅವರೊಡನೆ ಹೋಗುತ್ತಿತ್ತು. ಸುದರ್ಶನ ಕೆರೆಯ ಅದೇ ಗಿರಿನಗರದ ಚಂದ್ರಗುಹೆಯಲ್ಲಿ, ಶ್ರುತವು ಅಳಿದುಹೋಗುವುದೆಂಬ ಕಳವಳದಿಂದ, ಧರಸೇನಾಚಾರ್ಯರು ದಕ್ಷಿಣದಿಂದ ಬಂದ ಪುಷ್ಪದಂತ ಭೂತಬಲಿಗಳಿಗೆ ತಮ್ಮ ಅರಿವನ್ನು ಒಪ್ಪಿಸಿದರೆಂಬುದು ಪರಂಪರೆ. ಅದರಿಂದ ಹುಟ್ಟಿದ ಷಟ್ಖಂಡಾಗಮದ ತಾಳೆಗರಿಗಳು ಶತಮಾನಗಳ ಕಾಲ ಉಳಿದುದು ನಮ್ಮ ಮೂಡಬಿದಿರೆಯಲ್ಲಿ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದನ್ನು ಸಾಹಿತ್ಯಪ್ರೇಮವೆಂದು ಹೊಗಳುತ್ತೇವೆ. ಅದು ಮುಂಜಾಗ್ರತೆಯೂ ಹೌದು. ಒಂದೇ ಭಂಡಾರದ ಒಂದೇ ಪ್ರತಿ ಒಂದು ಬೆಂಕಿಗೆ ಸಾಕು; ಸಾವಿರ ಊರುಗಳ ಸಾವಿರ ಪ್ರತಿಗಳನ್ನು ಯಾವ ಬೆಂಕಿಯೂ ಒಮ್ಮೆಗೇ ಸುಡಲಾರದು.

ಧಾನ್ಯಕ್ಕೂ ನೀರಿಗೂ ಅರಿವಿಗೂ ಇದೇ ನ್ಯಾಯ. ಒಂದು ಕಡೆ ಕೂಡಿಟ್ಟದ್ದು ಒಂದೇ ಏಟಿಗೆ ಹೋಗುತ್ತದೆ, ಹಂಚಿಟ್ಟದ್ದು ಉಳಿಯುತ್ತದೆ. ಹಂಚಿಟ್ಟದ್ದನ್ನು ಕಾಯುವವರು ಊರಿನಲ್ಲೇ ಇರಬೇಕು, ಅದು ಯಾರದೆಂಬುದು ಮೊದಲೇ ಬರೆದಿರಬೇಕು, ಕಾಯುವ ಭಾರವೆಲ್ಲ ಭಾಗೀರಥಿಯೊಬ್ಬಳ ಮೇಲೆ ಬೀಳದಿರಬೇಕು. ಚಿಕ್ಕಬೆಟ್ಟದ ಶಾಸನವನ್ನು ಓದಲು ಹೋಗುವ ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ. ಬಂಡೆಯ ಮೇಲಿನ ಅಕ್ಷರಗಳನ್ನು ಓದಿಯಾದ ಮೇಲೆ ಒಮ್ಮೆ ಕೆಳಗೆ ನೋಡಿ. ಬೆಳಗೊಳಕ್ಕೆ ಹೆಸರು ಕೊಟ್ಟ ಬಿಳಿಯ ಕೊಳ ಕಾಣುತ್ತದೆ, ಅದರಾಚೆಗೆ ಹೊಲಗಳೂ ಹಳ್ಳಿಗಳೂ ಕಾಣುತ್ತವೆ. ಬರಗಾಲದಿಂದ ಬಂದ ಸಂಘಕ್ಕೆ ಅನ್ನವಿಟ್ಟ ಹಳ್ಳಿಗಳು ಅವು. ಅವರ ಹೆಸರು ಶಾಸನದಲ್ಲಿಲ್ಲ. ಶಾಸನ ಬರೆಯಲು ಸಂಘ ಉಳಿದದ್ದು ಅವರಿಂದ.